ಸದ್ದು ತಡೆಯದವರ ಕೈಗೊಂದು ಪೆನ್ಸಿಲ್

ಬೈಂದೂರಿನಿಂದ ಕುಂದಾಪುರಕ್ಕೆ, ಅಲ್ಲಿಂದ ಬ್ರಹ್ಮಾವರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಹಾರ್ನ್ ಸದ್ದು ಅಭ್ಯಾಸವಾಗಿ ಹೋಗಿದೆ. ಆದರೆ ಅದೇ ಬಸ್ಸಿನಲ್ಲಿ ಒಬ್ಬರು ಎರಡೂ ಕಿವಿ ಮುಚ್ಚಿ ಕೂತಿದ್ದರೆ "ಹ್ವಾಯ್, ಎಂತ ದೊಡ್ಡಸ್ತಿಕೆ ಮರಾಯ್ರೆ!" ಎಂದು ನಗಬೇಡಿ. ಅದು ದೊಡ್ಡಸ್ತಿಕೆ ಅಲ್ಲ, ನೋವು.

ಇದರಲ್ಲಿ ಎರಡು ಬಗೆ. ಪಾತ್ರೆ ಬಿದ್ದ ಸದ್ದು, ಅಂಗಡಿಯ ಶಟರ್ ಎಳೆದ ಸದ್ದು ಕೆಲವರ ಕಿವಿಗೆ ಮೊಳೆ ಹೊಡೆದಂತಾಗುತ್ತದೆ. ಇದು ಹೈಪರಕ್ಯೂಸಿಸ್. ಇನ್ನು ಕೆಲವರಿಗೆ ದೊಡ್ಡ ಸದ್ದೇ ಬೇಕೆಂದಿಲ್ಲ. ಪಕ್ಕದವರು ಕಡ್ಲೆ ಜಗಿದರೆ, ಚಾ ಸೊರ್ರೆಂದು ಹೀರಿದರೆ ಸಾಕು, ಸಿಟ್ಟು ನೆತ್ತಿಗೇರುತ್ತದೆ. ಇದಕ್ಕೆ ಮಿಸೋಫೋನಿಯಾ ಎಂಬ ಹೆಸರು ಬಿದ್ದದ್ದು 2001ರಲ್ಲಿ, ಜಾಸ್ಟ್ರೆಬಾಫ್ ದಂಪತಿಯಿಂದ. ತಜ್ಞರು ಕೂಡಿ ಅದರ ಲಕ್ಷಣ ಇಂತಿಂಥದ್ದೆಂದು ಒಪ್ಪಿ ಪ್ರಕಟಿಸಿದ್ದು 2022ರಲ್ಲಿ. ಅಲ್ಲಿಯವರೆಗೆ ಊರು ಇಂಥವರಿಗೆ ಕೊಟ್ಟ ಹೆಸರು ಒಂದೇ: ಸಿಡುಕ.

ಕಷ್ಟ ಇರುವುದು ಹೇಳಿಕೊಳ್ಳುವುದರಲ್ಲಿ. ಹೆತ್ತ ತಾಯಿ ಉಣ್ಣುವ ಸದ್ದು ತಡೆಯಲಾಗದು ಎಂದು ಬಾಯಿಬಿಟ್ಟು ಹೇಳುವುದು ಹೇಗೆ? ಹೇಳಿದರೆ ಜಗಳ, ಹೇಳದಿದ್ದರೆ ಒಳಗೇ ಕುದಿ. ಇಲ್ಲಿ ಉಪಕಾರಕ್ಕೆ ಬರುವುದು ಚಿತ್ರ.

ನಾರ್ವೆಯ ಎಡ್ವರ್ಡ್ ಮುಂಕ್ 1893ರಲ್ಲಿ ಬರೆದ 'ಚೀತ್ಕಾರ' ಚಿತ್ರವನ್ನು ಎಲ್ಲಾದರೂ ನೋಡಿರುತ್ತೀರಿ. ಕೆಂಪು ಆಕಾಶ, ಸೇತುವೆ ಮೇಲೆ ಕಿವಿ ಮುಚ್ಚಿಕೊಂಡು ನಿಂತ ಮನುಷ್ಯ. ಪ್ರಕೃತಿಯಲ್ಲೇ ಒಂದು ದೊಡ್ಡ ಚೀತ್ಕಾರ ಹಾದುಹೋದಂತಾಯಿತೆಂದು ಮುಂಕ್ ಬರೆದಿಟ್ಟಿದ್ದಾನೆ. ಅವನಿಗೆ ಈ ಕಾಯಿಲೆ ಇತ್ತೆಂದು ಹೇಳುತ್ತಿಲ್ಲ. ಆದರೆ ಹಿಂದೆ ಏನೂ ಕೇಳದವರಂತೆ ನಡೆದುಹೋಗುವ ಇಬ್ಬರನ್ನು ನೋಡಿ. ನಮ್ಮ ಬಸ್ಸಿನವರೂ ಹಾಗೆಯೇ ಅಲ್ಲವೇ?

ಸದ್ದನ್ನು ಗೆರೆಯಲ್ಲಿ ಹಿಡಿಯುವುದು ನಮ್ಮ ಜಿಲ್ಲೆಗೇನೂ ಹೊಸತಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಸಂಗೀತ, ನೃತ್ಯಗಳ ಲಯವನ್ನು ಬರೀ ಗೆರೆಯಲ್ಲಿ ಮೂಡಿಸಿದರು. ಅವರ ರೇಖಾಚಿತ್ರ ಪುಸ್ತಕದ ಹೆಸರು 'ಸಿಂಗಿಂಗ್ ಲೈನ್', ಅಂದರೆ ಹಾಡುವ ಗೆರೆ. ಹಾಡು ಗೆರೆಯಾಗುವುದಾದರೆ ಕಿರುಚಾಟವೂ ಆದೀತು. ಹಾರ್ನಿಗೆ ಚೂಪು ಮೂಲೆ, ಜಗಿಯುವ ಸದ್ದಿಗೆ ಒತ್ತೊತ್ತಾಗಿ ಕಪ್ಪು ಚುಕ್ಕಿ, ಸದ್ದು ನಿಂತಾಗ ಖಾಲಿ ಕಾಗದ. ಚಿತ್ರ ಚಂದ ಇರಬೇಕೆಂದಿಲ್ಲ. ಮನೆಯವರಿಗೆ ತೋರಿಸಿ "ನನಗೆ ಹೀಗೆ ಕೇಳುತ್ತದೆ" ಎಂದರೆ ಮುಗಿಯಿತು.

ಇದರಿಂದ ಕಾಯಿಲೆ ವಾಸಿಯಾಗದು. ಅದಕ್ಕೆ ಕಿವಿ ತಜ್ಞರಿದ್ದಾರೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಆದರೆ ಮನೆಯವರಿಗೆ ಅರ್ಥವಾದರೆ ಅರ್ಧ ಭಾರ ಇಳಿಯುತ್ತದೆ.

ಉಳಿದ ಅರ್ಧ ನಮ್ಮದು. ಕರ್ಕಶ ಹಾರ್ನ್ ಹಾಕಬಾರದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಡ್ರೈವರಣ್ಣ, ಸ್ವಲ್ಪ ಕೈ ಹಿಡಿದು ಹೊಡೆಯಿರಿ. ಅಂಗಡಿಯವರೇ, ಗಿರಾಕಿ ಕಿವಿ ಮುಚ್ಚಿದರೆ ರೇಡಿಯೋ ತುಸು ತಗ್ಗಿಸಿ. ಇದಕ್ಕೆ ಕಾಸೇನೂ ಖರ್ಚಿಲ್ಲ.