ಚುಕ್ಕಾಣಿಯ ಜೀರ್ಣೋದ್ಧಾರ

ನಮ್ಮ ಹಿರೇವಡ್ಡಟ್ಟಿಯ ಓಣಿಗಳಲ್ಲಿ ಚಕ್ಕಡಿ ಹೊರಳುವುದನ್ನು ಕಂಡವರಿಗೆ ಚುಕ್ಕಾಣಿಯೆಂಬುದೊಂದು ಏಕೆ ಬೇಕೆಂದೇ ತೋರಲಾರದು. ಎರಡೇ ಗಾಲಿ, ಒಂದೇ ಅಚ್ಚು. ಎತ್ತು ಹೊರಳಿದತ್ತ ನೊಗ, ನೊಗ ಹೊರಳಿದತ್ತ ಗಾಡಿ. ಒಳಮಗ್ಗುಲಿನ ಗಾಲಿ ನಿಧಾನವಾಗಿಯೂ ಹೊರಮಗ್ಗುಲಿನದು ಬಿರುಸಾಗಿಯೂ ಉರುಳಿ ತಮ್ಮತಮ್ಮಲ್ಲೇ ಹೊಂದಿಕೊಳ್ಳುತ್ತವೆ. ತೊಡಕು ಹುಟ್ಟುವುದು ಗಾಲಿಗಳು ನಾಲ್ಕಾದಾಗ. ಆಗ ಮುಂದಿನ ಗಾಲಿಗಳಲ್ಲಿ ಒಳಗಿನದು ಹೆಚ್ಚು, ಹೊರಗಿನದು ಕಡಿಮೆ ಹೊರಳಬೇಕು. ಇಲ್ಲವಾದರೆ ಉರುಳಬೇಕಾದ ಗಾಲಿ ನೆಲವನ್ನು ಉಜ್ಜುತ್ತದೆ. ಮ್ಯೂನಿಕ್ಕಿನಲ್ಲಿ ಗಾಡಿ ಕಟ್ಟುತ್ತಿದ್ದ ಲಾಂಕೆನ್‌ಸ್ಪರ್ಗರ್ ಎಂಬವನು ಇದಕ್ಕೊಂದು ಏರ್ಪಾಡು ಹೂಡಿದ. ಅವನ ಪರವಾಗಿ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದ ಆಕರ್‌ಮನ್ನನ ಹೆಸರು ಅದಕ್ಕೆ ಅಂಟಿಕೊಂಡಿತು. ಕೆಲಸ ಮಾಡಿದವನಿಗಿಂತ ಅರ್ಜಿ ಬರೆದವನು ಹೆಸರಾಗುವುದು ಲೋಕಕ್ಕೆ ಹೊಸದೇನಲ್ಲ.

ಈ ಏರ್ಪಾಡಿನ ತಿರುಳು ಇಷ್ಟೆ: ಗಾಡಿ ಹೊರಳುವಾಗ ನಾಲ್ಕೂ ಗಾಲಿಗಳ ಅಚ್ಚಿನ ಗೆರೆಗಳನ್ನು ಬೆಳೆಸುತ್ತ ಹೋದರೆ ಅವೆಲ್ಲ ಒಂದೇ ಬಿಂದುವಿನಲ್ಲಿ ಕೂಡಬೇಕು. ಇದನ್ನು ಹುಡುಗರಿಗೆ ತಿಳಿಸುವಾಗ ನಮ್ಮ ಮುಂಡರಗಿ ತಾಲ್ಲೂಕಿನದೇ ಆದ ಡಂಬಳದ ದೊಡ್ಡಬಸಪ್ಪನ ಗುಡಿಯತ್ತ ಕೈ ತೋರಿಸುವುದು ನನ್ನ ರೂಢಿ. ಒಂದು ಚೌಕವನ್ನು ಒಂದೇ ಕೇಂದ್ರದ ಮೇಲೆ 15 ಡಿಗ್ರಿಯಷ್ಟು ಮತ್ತೆ ಮತ್ತೆ ಹೊರಳಿಸಿದರೆ 24 ಮೂಲೆಗಳ ಆ ನಕ್ಷತ್ರ ಮೂಡುತ್ತದೆ. ಕೇಂದ್ರವೊಂದು ನೆಟ್ಟಗಿದ್ದರೆ ಸುತ್ತಲಿನ ಹೊರಳಾಟವೆಲ್ಲ ಅಂದವಾಗುತ್ತದೆಂಬುದನ್ನು ಆ ಶಿಲ್ಪಿ ಬಲ್ಲವನಾಗಿದ್ದ.

ಇಷ್ಟು ಪೀಠಿಕೆಗೆ ಕಾರಣ, ಹುಬ್ಬಳ್ಳಿಯ ಗೆಳೆಯರೊಬ್ಬರು ಜೀರ್ಣೋದ್ಧಾರಕ್ಕೆ ತೆಗೆದುಕೊಂಡಿರುವ ಎಂ.ಜಿ. ಟಿ.ಸಿ. ಎಂಬ ಕ್ರೀಡಾಕಾರು. ಇಂಗ್ಲೆಂಡಿನ ಆಬಿಂಗ್‌ಡನ್ನಿನಲ್ಲಿ 1945ರಿಂದ 1949ರವರೆಗೆ ಇಂಥವು ಸುಮಾರು 10,000 ತಯಾರಾದುವು. 19 ಅಂಗುಲದ ಕಡ್ಡಿಗಾಲಿಗಳು, ನೀಳವಾದ ಮೂತಿ, ಚಕ್ಕಡಿಯಂತೆಯೇ ಅಡ್ಡಲಾಗಿ ಒಂದೇ ಗಟ್ಟಿ ಮುಂಗಡೆಯ ಅಚ್ಚು. ನೋಟಕ್ಕೆ ಮನೋಹರ, ಆದರೆ ಅದರ ಚುಕ್ಕಾಣಿ ಹಿಡಿದವರು ಮೊದಲು ಹೊಗಳುತ್ತಾರೆ, ಆಮೇಲೆ ಬೆವರುತ್ತಾರೆ.

ಚುಕ್ಕಾಣಿಯ ದಂಡದ ಕೊನೆಗೆ ಸುರುಳಿಯಾಗಿ ತೋಡು ಕೊರೆದ ಉಕ್ಕಿನ ತುಂಡೊಂದಿದೆ. ಆ ತೋಡಿನಲ್ಲಿ ಒಂದು ಗೂಟ ಕುಳಿತಿದೆ. ದಂಡ ತಿರುಗಿದರೆ ಗೂಟ ಜರುಗುತ್ತದೆ. ಗೂಟ ಜರುಗಿದರೆ ಸಲಾಕೆಗಳು ಗಾಲಿಗಳನ್ನು ಹೊರಳಿಸುತ್ತವೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಸುತ್ತೂ ಬೇಕಾಗದು, ಅಷ್ಟು ಚುರುಕು. ಆದರೆ ಕಾರು ತನ್ನ ಆಯುಷ್ಯದ ಬಹುಭಾಗವನ್ನು ನೇರ ದಾರಿಯಲ್ಲೇ ಕಳೆಯುವುದರಿಂದ ತೋಡು ಸವೆಯುವುದು ನಡುವಿನಲ್ಲಿ. ನಡುವಿನ ಸಡಿಲವನ್ನು ಬಿಗಿಗೊಳಿಸಿದರೆ ಸವೆಯದ ತುದಿಗಳಲ್ಲಿ ಗೂಟ ಸಿಕ್ಕಿಕೊಳ್ಳುತ್ತದೆ. ತುದಿಗೆ ಸರಿಹೊಂದಿಸಿದರೆ ನಡುವಿನಲ್ಲಿ ಜೋಲಾಡುತ್ತದೆ. ಲಾರಿಗಳು ಸಾಲುಗಟ್ಟುವ ಹುಬ್ಬಳ್ಳಿ–ಗದಗ ಹೆದ್ದಾರಿಯಲ್ಲಿ, ಚಕ್ರವನ್ನು ಮೂರು ಬೆರಳಷ್ಟು ತಿರುಗಿಸಿದರೂ ಕಾರು ಕದಲುವುದಿಲ್ಲವೆಂದರೆ ಅದು ರಸಿಕತೆಯ ಮಾತಲ್ಲ, ಪ್ರಾಣದ ಮಾತು.

ಇದಕ್ಕೆ ಹೊರದೇಶದ ಒಡೆಯರು ಹಲವರು ಫೋಕ್ಸ್‌ವ್ಯಾಗನ್ನಿನದೋ ದಾಟ್ಸನ್ನಿನದೋ ಚುಕ್ಕಾಣಿಪೆಟ್ಟಿಗೆಯನ್ನು ಕೂರಿಸಿಕೊಂಡಿದ್ದಾರೆ. ಎಂ.ಜಿ.ಯವರೇ 1950ರ ಟಿ.ಡಿ. ಮಾದರಿಗೆ ಗೂಟವನ್ನು ಕೈಬಿಟ್ಟು ಹಲ್ಲುಪಟ್ಟಿ ಮತ್ತು ಹಲ್ಲುಗಾಲಿಯ ಚುಕ್ಕಾಣಿಯನ್ನು ತಂದರು. 1957ರಿಂದ 2014ರವರೆಗೆ ತಯಾರಾದ ನಮ್ಮ ಅಂಬಾಸಡರಿನಲ್ಲಿದ್ದುದೂ ಅದೇ ಬಗೆಯದು. ಹೀಗಿರುವಾಗ ಹಳೆಯ ಗೂಟಕ್ಕೇ ಜೋತುಬೀಳುವುದು ಮೂಢಭಕ್ತಿಯೆನ್ನುವವರಿದ್ದಾರೆ. ಗೂಟ ಹೋದರೆ ಟಿ.ಸಿ.ಯೇ ಹೋಯಿತೆನ್ನುವವರೂ ಇದ್ದಾರೆ.

ನಮ್ಮ ಊರಿನ ಬಡಿಗರೊಬ್ಬರು, ರೈತನೊಬ್ಬನ ಹಳೆಯ ಚಕ್ಕಡಿಗೆ ಕಬ್ಬಿಣದ ಹಳಿಯ ಗಾಲಿ ತೆಗೆದು ರಬ್ಬರ್ ಟೈರು ಕೂರಿಸುತ್ತಿದ್ದಾಗ, ಇದು ಇನ್ನೂ ಅವನ ತಂದೆಯ ಬಂಡಿಯೇ ಏನು ಎಂದು ಕೇಳಿದ್ದೆ. “ಗಾಲಿ ಬದಲ ಮಾಡೀನ್ರೀ ಸರ, ಬಂಡಿ ಅವರಪ್ಪಂದ ಐತಿ. ಹಳೀ ಗಾಲಿ ಅಟ್ಟದ ಮ್ಯಾಲ ಇಟ್ಟಾರ, ಬೇಕಂದ್ರ ನಾಳೆ ಹಾಕ್ಕೊಡ್ತೀನಿ” ಎಂದರು. ಆ ಕೊನೆಯ ಮಾತಿನಲ್ಲಿ ಜೀರ್ಣೋದ್ಧಾರದ ಶಾಸ್ತ್ರವೇ ಅಡಗಿದೆಯೆಂದು ನನಗನ್ನಿಸಿತು. ಗುಡಿಗಳ ಶಿಲ್ಪಕ್ಕೆ ಸುಣ್ಣ, ಎಣ್ಣೆಬಣ್ಣ ಬಳಿದವರ ತಪ್ಪು ಹೊಸದನ್ನು ತಂದದ್ದಲ್ಲ. ಹಳೆಯದಕ್ಕೆ ಮರಳುವ ದಾರಿಯನ್ನು ಮುಚ್ಚಿದ್ದು.

ಆದುದರಿಂದ ಗೆಳೆಯರಿಗೆ ನಾನು ಹೇಳಿದ್ದು ಹೀಗೆ. ಮೊದಲು ಪೆಟ್ಟಿಗೆಯ ಮೇಲೆ ತಪ್ಪು ಹೊರಿಸಬೇಡಿ. ಕಿಂಗ್‌ಪಿನ್ನು, ಸಲಾಕೆಗಳ ಗುಂಡುಕೀಲು, ಪಟ್ಟಿಸ್ಪ್ರಿಂಗಿನ ಬುಷ್ಷು, ಗಾಲಿಯ ಕಡ್ಡಿ ಇವೆಲ್ಲ ತಂತಮ್ಮ ಪಾಲಿನ ಸಡಿಲವನ್ನು ಕೂಡಿಸಿಯೇ ಕೈಗೆ ಒಪ್ಪಿಸುತ್ತವೆ. ಸೈಕಲ್ಲಿನ ಮುಂಗಡೆಯ ಕವಲು ಓರೆಯಾಗಿರುವಂತೆ ಕಿಂಗ್‌ಪಿನ್ನಿಗೂ ಒಂದು ಓರೆ ಇದೆ; ಅದು ಮಿತಿಮೀರಿದರೆ ಗಾಲಿಗಳು ನಡುಗುತ್ತವೆ, ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ತೆಳ್ಳನೆಯ ಬೆಣೆ ಇಟ್ಟು ಅದನ್ನು ತಗ್ಗಿಸಬಹುದು. ಇಷ್ಟಾದ ಮೇಲೂ ಚಕ್ರ ಜೋಲಾಡಿದರೆ ಹೊಸ ಪೆಟ್ಟಿಗೆ ಬರಲಿ. ಆದರೆ ಚಾಸಿಗೆ ಗರಗಸ ತಾಗಕೂಡದು, ಹೊಸ ರಂಧ್ರ ಬೀಳಕೂಡದು, ಹಳೆಯ ದಂಡವನ್ನು ಕತ್ತರಿಸದೆ ಬೇರೊಂದನ್ನು ಲೇತಿನಲ್ಲಿ ಕಡೆಸಬೇಕು.

ಗೆಳೆಯರು ಕಿಂಗ್‌ಪಿನ್ನು, ಬುಷ್ಷುಗಳನ್ನು ಬದಲಾಯಿಸಿದರು. ಅರ್ಧಕ್ಕರ್ಧ ಸಡಿಲ ಅಲ್ಲಿಯೇ ಹೋಯಿತು. ಉಳಿದರ್ಧ ತೋಡಿನದೇ. ಈಗ ದಾಟ್ಸನ್ನಿನ ಪೆಟ್ಟಿಗೆಯೊಂದು ಬಂದಿದೆ, ಅದನ್ನು ಇದ್ದ ರಂಧ್ರಗಳಿಗೇ ಹೊಂದಿಸುವ ಉಕ್ಕಿನ ಪಟ್ಟಿಯನ್ನು ಅಳತೆ ಮಾಡಿ ಕಡೆಯುತ್ತಿದ್ದಾರೆ. ಹಳೆಯ ಪೆಟ್ಟಿಗೆ ಗ್ರೀಸು ಸವರಿಸಿಕೊಂಡು, ಗೋಣಿತಟ್ಟಿನಲ್ಲಿ ಸುತ್ತಿಸಿಕೊಂಡು, ಕಾರಿನ ನಂಬರು ಬರೆದ ಚೀಟಿಯೊಡನೆ ಅವರ ಅಟ್ಟವನ್ನು ಸೇರಿದೆ.