ಒಂದೇ ಲೈನು, ಆರು ಹಾರ್ನ್

ಗೊಬ್ಬೂರ ಸೀಮೆಯ ಊರ ಜಾತ್ರೆಯಾಗಲಿ, ಭೀಮಾ–ಅಮರ್ಜಾ ಸಂಗಮದ ಗಾಣಗಾಪುರದಲ್ಲಿ ಮಾರ್ಗಶಿರ ಹುಣ್ಣಿಮೆಗೆ ನಡೆಯುವ ದತ್ತ ಜಯಂತಿಯಾಗಲಿ, ಮೈಕ್‌ಸೆಟ್‌ನ ಕಷ್ಟವೆಲ್ಲ ಇರುವುದು ದೂರದಲ್ಲಿ. ಆ್ಯಂಪ್ಲಿಫೈಯರ್ ಒಂದು ಮೂಲೆಯಲ್ಲಿ, ಹಾರ್ನ್‌ಗಳು ಎಲ್ಲೋ ಕಂಬದ ಮೇಲೆ. 1 ಚದರ ಮಿಲಿಮೀಟರ್ ಅಡ್ಡಛೇದದ ತಾಮ್ರದ ತಂತಿಯನ್ನು 200 ಮೀಟರ್ ಎಳೆದರೆ, ಹೋಗಿ ಬರುವ ಎರಡೂ ಎಳೆ ಸೇರಿ ಸುಮಾರು 7 ಓಮ್ ರೋಧ. ತುದಿಯಲ್ಲಿ 16 ಓಮ್‌ನ ಒಂದು ಹಾರ್ನ್ ಇದ್ದರೆ ಶಕ್ತಿಯ ಶೇ 30ರಷ್ಟು ತಂತಿಯನ್ನು ಬಿಸಿಮಾಡುವುದರಲ್ಲೇ ಹೋಗುತ್ತದೆ. ಅಂಥ ಆರು ಹಾರ್ನ್‌ಗಳನ್ನು ಸಮಾಂತರವಾಗಿ ಕಟ್ಟಿದರೆ ಅವುಗಳ ಒಟ್ಟು ಇಂಪೀಡೆನ್ಸ್ 2.7 ಓಮ್‌ಗೆ ಇಳಿದು, ಶೇ 70ಕ್ಕೂ ಹೆಚ್ಚು ಶಕ್ತಿ ದಾರಿಯಲ್ಲೇ ಕರಗುತ್ತದೆ.

ಇದಕ್ಕೆ ಪರಿಹಾರ ಪ್ರತಿ ಹಾರ್ನ್‌ಗೂ ಜೋಡಿಸುವ ಲೈನ್ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್. ಅದರ ಒಂದು ಸುರುಳಿಯಲ್ಲಿ ಸುತ್ತು ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಸುತ್ತುಗಳ ಅನುಪಾತ 10:1 ಎಂದಿಟ್ಟುಕೊಂಡರೆ ಹಾರ್ನ್ ಕಡೆಗೆ ವೋಲ್ಟೇಜ್ ಹತ್ತನೇ ಒಂದಕ್ಕೆ ಇಳಿಯುತ್ತದೆ, ಕರೆಂಟ್ ಹತ್ತು ಪಟ್ಟು ಏರುತ್ತದೆ. ಇಂಪೀಡೆನ್ಸ್ ಎಂದರೆ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದ ಸಂಖ್ಯೆ. ಹಾಗಾಗಿ ಎರಡೂ ಬದಲಾವಣೆ ಕೂಡಿ ಅದು ನೂರು ಪಟ್ಟು, ಅಂದರೆ ಅನುಪಾತದ ವರ್ಗದಷ್ಟು, ಬದಲಾಗುತ್ತದೆ. 8 ಓಮ್‌ನ ಸ್ಪೀಕರ್ ಲೈನಿನ ಕಡೆಯಿಂದ 800 ಓಮ್ ಆಗಿ ಕಾಣುತ್ತದೆ. ಟ್ರಾನ್ಸ್‌ಫಾರ್ಮರ್ ಹೊಸ ಶಕ್ತಿಯನ್ನೇನೂ ಹುಟ್ಟಿಸುವುದಿಲ್ಲ, ಇದ್ದ ಶಕ್ತಿಯ ರೂಪ ಬದಲಿಸುತ್ತದೆ ಅಷ್ಟೆ.

ಇಂಥ ಮೈಕ್‌ಸೆಟ್‌ಗಳಲ್ಲಿ ಬಳಸುವ 100 ವೋಲ್ಟ್ ಲೈನಿನ ಲೆಕ್ಕ ಇದರ ಮೇಲೆಯೇ ನಿಂತಿದೆ. 100 ವ್ಯಾಟ್‌ನ ಆ್ಯಂಪ್ಲಿಫೈಯರ್ 100 ವೋಲ್ಟ್ ಕೊಡುವಾಗ ಅದಕ್ಕೆ ತಕ್ಕ ಹೊರೆ 100 ಓಮ್. ಒಂದು ಹಾರ್ನ್ 15 ವ್ಯಾಟ್ ಎಳೆಯಬೇಕಾದರೆ ಲೈನಿಗೆ 667 ಓಮ್ ಕಾಣಬೇಕು. 16 ಓಮ್ ಹಾರ್ನ್‌ಗೆ ಬೇಕಾದ ಅನುಪಾತ ಸುಮಾರು 6.5:1. ಆರು ಹಾರ್ನ್ ಕೂಡಿದರೆ 111 ಓಮ್, ಸುರಕ್ಷಿತ. ಎಂಟು ಕಟ್ಟಿದರೆ 83 ಓಮ್, ಆ್ಯಂಪ್ಲಿಫೈಯರ್‌ಗೆ ಹೊರೆ ಮೀರುತ್ತದೆ. ಕೆಲಸಗಾರರಿಗೆ ಓಮ್‌ಗಳ ಭಾಗಾಕಾರವೇ ಬೇಡ: ಟ್ರಾನ್ಸ್‌ಫಾರ್ಮರಿನಲ್ಲಿ ಲೈನ್ ಜೋಡಿಸುವ ಟ್ಯಾಪ್‌ಗಳ ಮೇಲೆ ಬರೆದ ವ್ಯಾಟ್‌ಗಳನ್ನು ಕೂಡಿಸಿ, ಮೊತ್ತ ಆ್ಯಂಪ್ಲಿಫೈಯರಿನ ವ್ಯಾಟ್ ಮೀರದಂತೆ ನೋಡಿಕೊಂಡರೆ ಸಾಕು. ಆರು ಹಾರ್ನ್‌ಗೂ ಹಿಂದಿನ ಅದೇ ತಂತಿಯಲ್ಲಿ ಈಗಿನ ನಷ್ಟ ಶೇ 6ರಷ್ಟು ಮಾತ್ರ. ಆದರೆ ಟ್ರಾನ್ಸ್‌ಫಾರ್ಮರ್ ಇಲ್ಲದ 16 ಓಮ್ ಹಾರ್ನನ್ನು ಇದೇ ಲೈನಿಗೆ ತಾಗಿಸಿದರೆ ಅದು 625 ವ್ಯಾಟ್ ಎಳೆಯಲು ಹೊರಡುತ್ತದೆ. ಹಾರ್ನಿನ ಕಾಯಿಲ್ ಸುಡಬಹುದು, ಆ್ಯಂಪ್ಲಿಫೈಯರೂ ಕೆಡಬಹುದು.

ಮ್ಯಾಚಿಂಗ್ ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ತಿಳಿಯಬೇಕು. ಮೂಲದ ರೋಧಕ್ಕೆ ಹೊರೆಯ ರೋಧ ಸಮವಾದಾಗ ಗರಿಷ್ಠ ಶಕ್ತಿ ಸಾಗುತ್ತದೆ ಎಂಬ ತತ್ವ 19ನೇ ಶತಮಾನದ ವಿಜ್ಞಾನಿ ಮೊರಿಟ್ಸ್ ಯಾಕೋಬಿಯದು. ಆಗ ಅರ್ಧ ಶಕ್ತಿ ಮೂಲದಲ್ಲೇ ಕಳೆಯುತ್ತದೆ. ಇಂದಿನ ಆ್ಯಂಪ್ಲಿಫೈಯರಿನ ಒಳ ಇಂಪೀಡೆನ್ಸ್ ಹೊರೆಗಿಂತ ಬಹಳ ಕಡಿಮೆ. ಅದಕ್ಕೆ ಸಮನಾದ ಹೊರೆ ಹುಡುಕುವುದು ತಪ್ಪು. ಯಾವ ಹೊರೆಗಾಗಿ ಅದನ್ನು ರೂಪಿಸಲಾಗಿದೆಯೋ ಆ ಹೊರೆಯನ್ನು ಕಾಣಿಸುವುದೇ ಟ್ರಾನ್ಸ್‌ಫಾರ್ಮರಿನ ಕೆಲಸ.

ವಾಲ್ವ್ ರೇಡಿಯೋಗಳಲ್ಲೂ ಇದೇ ಸೂತ್ರವಿತ್ತು. ಇಎಲ್84 ವಾಲ್ವ್ ಸುಮಾರು 5,200 ಓಮ್ ಹೊರೆ ಬಯಸುತ್ತಿತ್ತು, ಸ್ಪೀಕರ್ 4 ಓಮ್‌ನದಾಗಿದ್ದರೆ 36:1 ಅನುಪಾತದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎರಡನ್ನೂ ಹೊಂದಿಸುತ್ತಿತ್ತು.

ಅನುಪಾತ ಸರಿಯಿದ್ದ ಮಾತ್ರಕ್ಕೆ ಎಲ್ಲ ಸರಿಹೋಗದು. ಕಬ್ಬಿಣದ ತಿರುಳು ಸಣ್ಣದಿದ್ದರೆ ತಗ್ಗು ಸ್ವರಗಳಲ್ಲಿ ಅದು ಕಾಂತತ್ವದಿಂದ ತುಂಬಿಹೋಗುತ್ತದೆ. ಆಗ ಲೈನಿಗೆ ಕಾಣುವ ಇಂಪೀಡೆನ್ಸ್ ಥಟ್ಟನೆ ಕುಸಿದು, ಧ್ವನಿ ಒಡೆದು, ಆ್ಯಂಪ್ಲಿಫೈಯರ್ ಬಳಲುತ್ತದೆ. ಹಾರ್ನ್ ಹೇಗೂ ಆ ಸ್ವರಗಳನ್ನು ಸರಿಯಾಗಿ ನುಡಿಸಲಾರದು. ಆದ್ದರಿಂದ ಭಜನೆಯ ಡಗ್ಗಾ ಗಟ್ಟಿಯಾಗಿ ಕೇಳಲೆಂದು ಬಾಸ್ ಏರಿಸುವುದರಿಂದ ಪ್ರಯೋಜನವಿಲ್ಲ. ಹಾರ್ನ್ ಲೈನಿಗೆ ಬಾಸ್ ಗುಂಡಿಯನ್ನು ಇಳಿಸಿಡುವುದೇ ಸರಿಯಾದ ಕ್ರಮ.