ರಾಣಿಯರ ಸ್ತ್ರೀಧನವಾಗಿದ್ದ ಊರು

ಪೋರ್ಚುಗಲ್ ಅಂದ ಕೂಡಲೇ ನಮಗೆ ನೆನಪಾಗುವುದು ಗೋವಾ, ವಾಸ್ಕೋ ಡ ಗಾಮ, ಅಷ್ಟೇ ತಾನೇ? ಮಗಳ ಬಾಣಂತನಕ್ಕೋ ಮಗನ ಮನೆಗೋ ಅಂತ ಯೂರೋಪಿಗೆ ಹೋಗುವ ಸೋದರಿಯರೇ, ಲಿಸ್ಬನ್ ಒಂದನ್ನೇ ನೋಡಿ ಹಿಂದಿರುಗಬೇಡಿ.

ಲಿಸ್ಬನ್ನಿನಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿದೆ ಓಬಿದುಶ್ ಎಂಬ ಪುಟ್ಟ ಕೋಟೆಯೂರು. 1282ರಲ್ಲಿ ದೊರೆ ದಿನಿಶ್ ಇದನ್ನು ರಾಣಿ ಇಸಬೆಲ್‌ಗೆ ಮದುವೆಯ ಉಡುಗೊರೆಯಾಗಿ ಕೊಟ್ಟ. 1834ರವರೆಗೂ ಊರು ರಾಣಿಯರದೇ ಸ್ವತ್ತು, ನಮ್ಮ ಸ್ತ್ರೀಧನದ ಹಾಗೆ! ಕೋಟೆಗೋಡೆಯ ಮೇಲೆ ನಡೆಯಬಹುದು. ದಾರಿ ಕಿರಿದು, ಸೀರೆ ಉಟ್ಟವರು ಜೋಕೆ.

ತೋಮಾರ್‌ನಲ್ಲಿ ನಾಲ್ಕು ವರ್ಷಕ್ಕೊಮ್ಮೆ ದೊಡ್ಡ ಹಬ್ಬ. ಹೆಣ್ಣುಮಕ್ಕಳು 30 ಬ್ರೆಡ್ಡುಗಳನ್ನು ಕಾಗದದ ಹೂಗಳೊಡನೆ ಪೋಣಿಸಿ, ತಮ್ಮಷ್ಟೇ ಎತ್ತರದ ಹೊರೆಯನ್ನು ತಲೆಯ ಮೇಲೆ ಹೊತ್ತು ಮೆರವಣಿಗೆ ಹೊರಡುತ್ತಾರೆ.

ಕಾಲುವೆಗಳ ಊರು ಅವೇರೂ ಸಿಹಿತಿಂಡಿಗೆ ಹೆಸರುವಾಸಿ. ಹಿಂದೆ ಅಲ್ಲಿನ ಸನ್ಯಾಸಿನಿಯರು ಮೊಟ್ಟೆಯ ಬಿಳಿಯನ್ನು ಬಟ್ಟೆಗೆ ಗಂಜಿಯಂತೆ ಬಳಸಿ, ಉಳಿದ ಹಳದಿಗೆ ಸಕ್ಕರೆ ಬೆರೆಸಿ ಇದನ್ನು ಮಾಡಿದರಂತೆ. ಏನನ್ನೂ ಚೆಲ್ಲದ ಜಾಣತನ ನೋಡಿ! ಮೊಟ್ಟೆ ತಿನ್ನದವರು ಮಾತ್ರ ಮೊದಲೇ ಕೇಳಿಕೊಳ್ಳಿ.

ಆ ದೇಶದ ಸಿರಿಯಲ್ಲಿ ನಮ್ಮ ಕರಾವಳಿಯ ಕಾಳುಮೆಣಸಿನ ಪಾಲೂ ಇದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದವರು ಈ ಪೋರ್ಚುಗೀಸರೇ. ಆದ್ದರಿಂದ ಸಂಕೋಚ ಬೇಡ, ಹಕ್ಕಿನಿಂದಲೇ ನೋಡಿ ಬನ್ನಿ!